ನಾವು ಬೆಸೆದ ಪ್ರಾಣಿ

ಅನ್ಯಗ್ರಹದಲ್ಲಿ ಪ್ರಾಣಿಗಳಿದ್ದರೆ ಹೇಗಿದ್ದಾವು ಎಂದು ಮೊಮ್ಮಗನನ್ನು ಕೇಳಿದೆ. ಹುಡುಗ ಕೂಡಲೇ ಚಿತ್ರ ಬರೆದು ತಂದ: ಆನೆಯ ಸೊಂಡಿಲು, ಹದ್ದಿನ ರೆಕ್ಕೆ, ಮೊಸಳೆಯ ಬಾಲ. ಲೋಕ ಬೇರೆಯಾದರೂ ಅಂಗಾಂಗಗಳೆಲ್ಲ ಇಲ್ಲಿಯವೇ! ನಗುವಂತಿಲ್ಲ, ನಮ್ಮ ಹಿರಿಯರೂ ಮಾಡಿದ್ದು ಇದನ್ನೇ. ರಾಜ್ಯದ ಲಾಂಛನವನ್ನು ನೋಡಿ: ನಡುವೆ ಎರಡು ತಲೆಯ ಗಂಡಭೇರುಂಡ, ಇಕ್ಕೆಲಗಳಲ್ಲಿ ಸಿಂಹದ ಮೈಗೆ ಆನೆಯ ತಲೆ ಹೊತ್ತ ಮೃಗಗಳು. ಕಾಣದ್ದನ್ನು ಕಲ್ಪಿಸಲು ಕಂಡದ್ದನ್ನು ಬೆಸೆಯುವುದಲ್ಲದೆ ಮನುಷ್ಯನಿಗೆ ಬೇರೆ ದಾರಿ ತಿಳಿಯದು.

ಬೆಸೆದದ್ದಕ್ಕೆ ಕೈಮುಗಿಯುವುದೂ ನಮಗೆ ಗೊತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿಯಲ್ಲಿ ಒಂದೇ ವಿಗ್ರಹದ ಒಂದು ಬದಿಗೆ ನಾಗರೂಪಿ ಸುಬ್ರಹ್ಮಣ್ಯ, ಇನ್ನೊಂದು ಬದಿಗೆ ನರಸಿಂಹ. ಹಿಂಬದಿಯ ಮುಖವೂ ಭಕ್ತರಿಗೆ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ.

ಅದೇ ಘಾಟಿಯ ದನಗಳ ಜಾತ್ರೆ ಹೆಸರಾದದ್ದು. ಅಲ್ಲಿ ಹಳ್ಳಿಕಾರ್ ಎತ್ತುಗಳ ವೈಭವವೇ ವೈಭವ. ಆದರೆ ಸುತ್ತಲ ಊರುಗಳ ಕೊಟ್ಟಿಗೆಗಳಲ್ಲಿ ಕಾಣುವುದು ಹೆಚ್ಚಾಗಿ ಸೀಮೆಹಸು: ಹಾಲಿನಾಸೆಗೆ ಯೂರೋಪಿನ ತಳಿಯನ್ನು ನಮ್ಮ ದನಕ್ಕೆ ಬೆಸೆದು ನಾವೇ ಉಂಟುಮಾಡಿದ ಪ್ರಾಣಿ. ಇದು ಲಾಂಛನದ ಮೃಗವಲ್ಲ. ಹಸಿದರೆ ಅಂಬಾ ಎನ್ನುತ್ತದೆ.

ಹೆಣ್ಣುಕರು ಹುಟ್ಟಿದರೆ ಮನೆಗೆ ಲಕ್ಷ್ಮಿ ಬಂದ ಹಾಗೆ. ಗಂಡಾದರೆ? ಹಿಣಿಲು ತಗ್ಗು, ನೊಗ ಸರಿಯಾಗಿ ಕೂರದು, ಬಿಸಿಲು ತಾಳದು, ಉಳುವುದಕ್ಕೆ ಹೇಗೂ ಟ್ರ್ಯಾಕ್ಟರ್ ಬಂದಿದೆ. ಅಂಥ ಕರುವಿಗೆ ಎಷ್ಟೋ ಕಡೆ ತಾಯಿಯ ಹಾಲೂ ಹೊಟ್ಟೆತುಂಬ ದಕ್ಕದು. ಕೆಲವು ಬೀದಿಪಾಲಾಗುತ್ತವೆ.

ರೈತ ನಿರ್ದಯನೆಂದು ಹೇಳುವುದು ಸುಲಭ. ಹುಲ್ಲು, ಹಿಂಡಿಗಳ ಬೆಲೆ ಕೊಟ್ಟವನಿಗೆ ಗೊತ್ತು, ಆದಾಯವಿಲ್ಲದ ದನವನ್ನು ವರ್ಷಗಟ್ಟಲೆ ಸಾಕುವ ಕಷ್ಟ. ನೂರಕ್ಕೆ ಸುಮಾರು 90 ಪಾಲು ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವೂ ಈಗ ಬಂದಿದೆ. ಒಳ್ಳೆಯದೇ. ಅದರಿಂದ ಮುಂದೆ ಹುಟ್ಟಲಿರುವುದರ ಚಿಂತೆ ಕಡಿಮೆಯಾದೀತು. ಈಗಾಗಲೇ ಹುಟ್ಟಿದ್ದರ ಋಣ ತೀರೀತೆ?

ಆ ಋಣ ರೈತನೊಬ್ಬನದಲ್ಲ. ಬೆಳಗಿನ ಕಾಫಿಗೆ ಹಾಲು ತರಿಸುವ ನಾವೂ ಈ ಬೆಸುಗೆಯಲ್ಲಿ ಪಾಲುದಾರರು. ಹಾಲಿನ ಬೆಲೆ ಒಂದು ರೂಪಾಯಿ ಏರಿದರೆ ಗೊಣಗುವ ನಾವು, ಆ ಬೆಲೆಯಲ್ಲಿ ಗಂಡುಕರುವಿನ ಮೇವೂ ಸೇರಬೇಕೆಂದು ಎಂದಾದರೂ ಕೇಳಿದ್ದೇವೆಯೆ? ಘಾಟಿಯ ಕನ್ನಡಿಯಂಥದೊಂದು ನಮ್ಮ ಅಡುಗೆಮನೆಯಲ್ಲೂ ಇದ್ದಿದ್ದರೆ, ಹಾಲಿನ ಹಿಂಬದಿಯ ಮುಖವೂ ಕಾಣುತ್ತಿತ್ತೇನೋ.

ಮೊಮ್ಮಗನ ಚಿತ್ರದಲ್ಲಿ ಪ್ರಾಣಿಯ ಮುಂದೆ ಒಂದು ಕಂತೆ ಹುಲ್ಲೂ ಇತ್ತು. ಇದೇಕೆಂದು ಕೇಳಿದೆ.

“ಅದನ್ನ ಮಾಡಿದ್ದು ನಾನಲ್ವಾ ತಾತ, ಊಟ ಯಾರು ಹಾಕ್ತಾರೆ?” ಎಂದ.