ಬಾಗಿಲ ಮೇಲಿನ ಕೀರ್ತಿಮುಖ ಅಶುಭವೇ?

ಪ್ರಶ್ನೆ: ಹೊಸ ಫ್ಲಾಟಿಗೆ ಬಂದಾಗ ಸಾಗರದ ಗುಡಿಗಾರರು ಕೆತ್ತಿದ ಮರದ ಕೀರ್ತಿಮುಖವೊಂದನ್ನು ಇಷ್ಟಪಟ್ಟು ತಂದು ಮುಂಬಾಗಿಲ ಮೇಲೆ ಹಾಕಿಸಿದೆ. 5 ತಿಂಗಳಲ್ಲಿ ಮಾವನವರು ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಬಂದಿದ್ದ ಒಬ್ಬರು, "ಬಾಗಿಲಲ್ಲಿ ರಾಕ್ಷಸನ ರುಂಡ ಇಟ್ಟಿದ್ದೀರಿ, ಅದು ಯಜಮಾನನನ್ನೇ ನುಂಗಿತು" ಎಂದುಬಿಟ್ಟರು. ಶಾಂತಿಗೆ 30,000 ರೂಪಾಯಿ ಆಗುತ್ತದಂತೆ. ಅಂದಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅದನ್ನು ತೆಗೆಯಬೇಕೇ? ದೋಷ ನನ್ನದೇ?
— ಓದುಗ ಸಹೋದರಿ, ಬೆಂಗಳೂರು

ಉತ್ತರ: ತಾಯಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದೋಷ ನಿಮ್ಮದಲ್ಲ. ಜಾತಕ ನೋಡುವುದೇ ನನ್ನ ಕೆಲಸ. ಆಯುಷ್ಯವನ್ನು ಅಷ್ಟಮ ಸ್ಥಾನದಿಂದ, ಅದರ ಅಧಿಪತಿಯಿಂದ, ಶನಿಯಿಂದ, ನಡೆಯುವ ದಶಾಭುಕ್ತಿಯಿಂದ ವಿಚಾರ ಮಾಡುತ್ತಾರೆ. ಅದೂ ಅವರವರ ಜಾತಕದಲ್ಲೇ. ಸೊಸೆ ತಂದ ಮರದ ಕೆತ್ತನೆಯಿಂದ ಮಾವನ ಆಯುಷ್ಯ ಎಣಿಸುವ ಕ್ರಮ ನಾನು ಪಾಠಶಾಲೆಯಲ್ಲಿ ಓದಿದ ಯಾವ ಗ್ರಂಥದಲ್ಲೂ ಇಲ್ಲ.

ಈಗ ಒಂದು ಕೆಲಸ ಮಾಡಿ. ನಿಮ್ಮ ಅತ್ತೆಯವರ ದೇವರ ಮನೆಯಲ್ಲಿ ಹಿತ್ತಾಳೆಯದೋ ಬೆಳ್ಳಿಯದೋ ಪ್ರಭಾವಳಿ ಇದ್ದರೆ ಅದರ ನೆತ್ತಿಯನ್ನು ನೋಡಿ. ದೇವರ ತಲೆಯ ನೇರ ಮೇಲೆ ಉಬ್ಬಿದ ಎರಡು ಕಣ್ಣು, ಕೋರೆಹಲ್ಲು ಕಾಣಿಸುತ್ತದೆ. ಕೆಳದವಡೆ ಇಲ್ಲ, ಮೈ ಇಲ್ಲ. ನೀವು ಬಾಗಿಲಿಗೆ ಹಾಕಿದ್ದೂ ಅದನ್ನೇ! ಎಷ್ಟು ವರ್ಷದಿಂದ ಅತ್ತೆ ಅದಕ್ಕೂ ಸೇರಿಸಿಯೇ ಮಂಗಳಾರತಿ ಎತ್ತಿದ್ದಾರೋ! ಶಿಲ್ಪಿಗಳು ಇದನ್ನು ಸಿಂಹಲಲಾಟ ಅಂತಲೂ ಕರೆಯುತ್ತಾರೆ.

ರಾಕ್ಷಸ ಅನ್ನುವ ಮಾತು ಎಲ್ಲಿಂದ ಬಂತು ಅಂದರೆ, ಕಥೆಯನ್ನು ಅರ್ಧ ಕೇಳಿದ್ದರಿಂದ. ಜಲಂಧರನ ಕಥೆಯಲ್ಲಿ ಇದು ಬರುತ್ತದೆ. ಶಿವಪುರಾಣದಲ್ಲೂ ಇದೆ, ಸ್ಕಾಂದದ ಕಾರ್ತಿಕಮಾಸ ಮಾಹಾತ್ಮ್ಯದಲ್ಲೂ ಇದೆ. ಜಲಂಧರನು ಪಾರ್ವತಿಯನ್ನು ತನಗೆ ಒಪ್ಪಿಸುವಂತೆ ರಾಹುವನ್ನು ಶಿವನ ಬಳಿಗೆ ದೂತನಾಗಿ ಕಳಿಸುತ್ತಾನೆ. ಆ ಮಾತು ಕಿವಿಗೆ ಬೀಳುತ್ತಲೇ ಶಿವನ ಹುಬ್ಬುಗಳ ನಡುವಿನಿಂದ ಸಿಂಹದ ಮುಖದ, ಬೆಂಕಿಗಣ್ಣಿನ, ಹಸಿದ ಗಣವೊಂದು ಹುಟ್ಟಿ ರಾಹುವನ್ನೇ ತಿನ್ನಲು ಹೋಯಿತು. ರಾಹು ಹೆದರಿ ಶರಣು ಅಂದ. ದೂತನನ್ನು ಕೊಲ್ಲಬಾರದು, ಬಿಡು, ಎಂದ ಶಿವ. ಬಿಟ್ಟಿತು. ಆದರೆ ಹೊಟ್ಟೆಯಲ್ಲಿ ಹಸಿವು ಹಾಗೇ ಇದೆಯಲ್ಲ? ಏನು ತಿನ್ನಲಿ ಎಂದು ಕೇಳಿದರೆ, ನಿನ್ನ ಕೈಕಾಲನ್ನೇ ತಿನ್ನು ಎಂದು ಅಪ್ಪಣೆಯಾಯಿತು. ಎದುರು ಮಾತಾಡದೆ ಕೈ, ಕಾಲು, ಮೈ ಎಲ್ಲ ತಿಂದು ಮುಗಿಸಿ ಮುಖ ಮಾತ್ರ ಉಳಿಸಿಕೊಂಡು ನಿಂತಿತು. ಆ ವಿಧೇಯತೆಗೆ ಮೆಚ್ಚಿ ಶಿವನೇ ಕೀರ್ತಿಮುಖ ಎಂದು ಹೆಸರಿಟ್ಟ. ಸದಾ ನನ್ನ ಬಾಗಿಲಲ್ಲಿರು, ನಿನ್ನನ್ನು ಪೂಜಿಸದೆ ನನ್ನನ್ನು ಪೂಜಿಸಿದವರಿಗೆ ಪೂಜೆ ವ್ಯರ್ಥ ಎಂದು ವರ ಕೊಟ್ಟ.

ಗಮನಿಸಿ: ಅದು ಬೇರೆಯವರನ್ನು ನುಂಗಿದ್ದೇ ಇಲ್ಲ. ನುಂಗಿದ್ದು ತನ್ನನ್ನು. ಹಿಡಿದಿದ್ದ ಶತ್ರುವನ್ನೂ ಅಪ್ಪಣೆಗೆ ತಲೆಬಾಗಿ ಬಿಟ್ಟ ಗಣ ಅದು. ಅಂಥದ್ದು ಮನೆ ಯಜಮಾನನನ್ನು ನುಂಗಿತು ಅಂದವರಿಗೆ ಕಥೆ ಗೊತ್ತಿರಲಿಲ್ಲ, ಶುಲ್ಕ ಮಾತ್ರ ಗೊತ್ತಿತ್ತು ಅನ್ನಬೇಕು.

ನಮ್ಮ ನಾಡಿನ ಶಿಲ್ಪಿಗಳು ಇದನ್ನು ಬಿಟ್ಟು ಗುಡಿ ಕಟ್ಟಿದ್ದು ಅಪರೂಪ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ, ಶಿಖರದ ಮೇಲೆ ಕೀರ್ತಿಮುಖಗಳ ಸಾಲೇ ಇದೆ. ಲಕ್ಕುಂಡಿಯಲ್ಲೂ ಹಾಗೇ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವ ವಿಷ್ಣುವಿನ ಗುಡಿ, ಅಲ್ಲಿಯೂ ಇದು ಬಂದಿದೆ; ಶೈವ-ವೈಷ್ಣವ ಭೇದ ಇದಕ್ಕಿಲ್ಲ. ಕಡಲಾಚೆ ಜಾವಾದ ಪ್ರಂಬಾನನ್ ಗುಡಿಗಳಲ್ಲಿಯೂ, ಬೌದ್ಧರ ಬೊರೊಬುದುರಿನಲ್ಲಿಯೂ ಬಾಗಿಲುಗಳ ನೆತ್ತಿಯ ಮೇಲೆ ಇದೇ ಮುಖ. ಅಲ್ಲಿ ಅದನ್ನು 'ಕಾಲ' ಅನ್ನುತ್ತಾರೆ.

ಹೊಸ್ತಿಲಿಗೆ ಉಗ್ರರೂಪವನ್ನೇ ಇಡುವುದು ಹಳೆಯ ಪದ್ಧತಿ. ನಮ್ಮ ಚಿಕ್ಕಜಾಜೂರಿನಲ್ಲಿ ರೈಲು ಬದಲಿಸಿ ದುರ್ಗಕ್ಕೆ ಹೋಗುವವರು ಕೋಟೆಯ ಬಾಗಿಲ ಹತ್ತಿರ ಕಲ್ಲಿನಲ್ಲಿ ಹೆಡೆ ಎತ್ತಿದ ಸರ್ಪವನ್ನು ನೋಡಿರುತ್ತೀರಿ. ಗುಡಿಗಳ ದ್ವಾರಪಾಲಕರಿಗೂ ಕೋರೆಹಲ್ಲು ಇರುತ್ತದೆ. ಕಾವಲುಗಾರ ಒಳಗಿನವರನ್ನು ಕಾಯಲು ಹೊರಗೆ ಮುಖ ಮಾಡಿ ನಿಂತಿರುತ್ತಾನೆ. ಅಂಗಡಿಯಲ್ಲಿ ಸಿಗುವ, ನಾಲಿಗೆ ಚಾಚಿದ ಪ್ಲಾಸ್ಟಿಕ್ಕಿನ ದೃಷ್ಟಿಬೊಂಬೆ ಬೇರೆ. ಕಟ್ಟುವ ಮನೆಗೆ ದೃಷ್ಟಿಯಾಗದಿರಲಿ ಅಂತ ನೇತುಹಾಕುವುದು ಅದು. ಎರಡನ್ನೂ ಒಂದೇ ಅಂತ ತಿಳಿಯಬಾರದು.

ಇನ್ನು ಅತ್ತೆಯವರ ಮಾತು. ಗಂಡನನ್ನು ಕಳೆದುಕೊಂಡವರಿಗೆ ಕಾರಣ ಒಂದು ಬೇಕಾಗುತ್ತದೆ, ಯಾರೋ ಕೈಗೆ ಕೊಟ್ಟರು, ಹಿಡಿದುಕೊಂಡಿದ್ದಾರೆ. ವಾದ ಮಾಡಬೇಡಿ. ಈ ಪುಟವನ್ನು ನಿಮ್ಮ ಯಜಮಾನರು ಅವರ ಪಕ್ಕ ಕೂತು ಓದಿ ಹೇಳಲಿ, ಪ್ರಭಾವಳಿಯನ್ನು ತೋರಿಸಲಿ. ಸೊಸೆ ಹೇಳುವುದಕ್ಕಿಂತ ಮಗ ಹೇಳಬೇಕಾದ ಮಾತಿದು, ಅವರು ಇಷ್ಟು ದಿನ ಸುಮ್ಮನಿದ್ದದ್ದು ಸರಿಯಲ್ಲ. ಅಷ್ಟಾದ ಮೇಲೂ ಬಾಗಿಲು ದಾಟುವಾಗಲೆಲ್ಲ ಅವರಿಗೆ ಸಂಕಟವಾಗುತ್ತದೆ ಅಂದರೆ ತೆಗೆದು ದೇವರ ಮನೆಯ ಬಾಗಿಲ ಮೇಲೆ ಹಾಕಿ. ಅದು ಅದರ ನಿಜವಾದ ಜಾಗವೇ. ತೆಗೆಯುವುದರಿಂದಲೂ ದೋಷವಿಲ್ಲ, ಇಟ್ಟುಕೊಂಡರೂ ದೋಷವಿಲ್ಲ.

ಶಾಂತಿಹೋಮ ಬೇಡ. ಆ ಹಣದಲ್ಲಿ ಮಾವನವರ ಮಾಸಿಕಗಳನ್ನು ತಪ್ಪದೆ ಮಾಡಿ, ವರ್ಷಾಬ್ದಿಕವನ್ನು ಶ್ರದ್ಧೆಯಿಂದ ನಡೆಸಿ. ಆ ದಿನದ ಅಡುಗೆಗೆ ಅತ್ತೆಯವರನ್ನೇ ಕೇಳಿ, ಮಾವನವರಿಗೆ ಏನು ಇಷ್ಟವಿತ್ತು ಅಂತ.

ಕೀರ್ತಿಮುಖವನ್ನು ಬಾಗಿಲವಾಡದ ಮೇಲ್ಗಡೆ, ಮಧ್ಯಕ್ಕೆ, ಹೊರಮುಖವಾಗಿ ಹಾಕಬೇಕು. ಮಲಗುವ ಕೋಣೆಯಲ್ಲಿ ಬೇಡ, ಪಾದರಕ್ಷೆ ಇಡುವ ಗೂಡಿನ ಹತ್ತಿರವಂತೂ ಬೇಡವೇ ಬೇಡ. ಪ್ರಾಣಪ್ರತಿಷ್ಠೆ ಮಾಡಿದ ಮೂರ್ತಿಯಲ್ಲವಾದ್ದರಿಂದ ನಿತ್ಯ ನೈವೇದ್ಯದ ಕಟ್ಟುಪಾಡಿಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು ಇಟ್ಟರೆ ಸಾಕು. ಮರದ್ದಾದ್ದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣ ಬಟ್ಟೆಯಲ್ಲಿ ಧೂಳು ತೆಗೆಯಿರಿ.