ಮಡಚಿದ ಬೆರಳಿಗೆ ಹೊಣೆ ಯಾರು?

ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಲು ಬರುತ್ತದೆಯೇ? ಡುಪ್ಯುಟ್ರೆನ್ ಎಂಬ ಕಾಯಿಲೆಯನ್ನು ಗುರುತಿಸಲು ವೈದ್ಯರು ಮಾಡಿಸುವ ಪರೀಕ್ಷೆ ಇಷ್ಟು ಸರಳ. ಅಂಗೈಯ ಚರ್ಮದ ಕೆಳಗಿರುವ ನಾರಿನ ಪದರದಲ್ಲಿ ಮೊದಲು ಸಣ್ಣ ಗಂಟು ಕಾಣಿಸಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಅದು ಹಗ್ಗದಂತೆ ಹುರಿಗೊಂಡು ಉಂಗುರದ ಬೆರಳನ್ನೋ ಕಿರುಬೆರಳನ್ನೋ ಒಳಕ್ಕೆ ಎಳೆಯುತ್ತದೆ. ನೋವು ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ. ಆದರೆ ಮುಖ ತೊಳೆಯುವುದು, ಜೇಬಿಗೆ ಕೈ ಹಾಕುವುದು, ಇನ್ನೊಬ್ಬರ ಕೈ ಕುಲುಕುವುದು ಎಲ್ಲವೂ ತೊಡಕಾಗುತ್ತವೆ. ಉತ್ತರ ಯುರೋಪಿನ ಮೂಲದವರಲ್ಲಿ, ಅದರಲ್ಲೂ ಐವತ್ತು ದಾಟಿದ ಗಂಡಸರಲ್ಲಿ ಇದು ಹೆಚ್ಚು. ಅದಕ್ಕೇ ‘ವೈಕಿಂಗರ ಕಾಯಿಲೆ’ ಎಂಬ ಅಡ್ಡಹೆಸರು.

ಈ ಕಾಯಿಲೆಯ ಬಗ್ಗೆ ಓದುವಾಗ ನನ್ನನ್ನು ಕಾಡಿದ್ದು ವೈದ್ಯಕೀಯ ಪ್ರಶ್ನೆಯಲ್ಲ. ಒಂದು ಬೆರಳು ಮಡಚಿಕೊಂಡಾಗ ಅದಕ್ಕೆ ಕಾರಣ ರಕ್ತವೋ ದುಡಿಮೆಯೋ? ‘ರಕ್ತ’ ಎಂದು ಉತ್ತರ ಬಂದರೆ ದುಡಿಸಿಕೊಂಡವರ ಹೊಣೆ ಕಳಚುತ್ತದೆಯೇ?

1831ರಲ್ಲಿ ಪ್ಯಾರಿಸ್ಸಿನ ಒತೆಲ್-ದ್ಯೂ ಆಸ್ಪತ್ರೆಯಲ್ಲಿ ಗಿಯೋಮ್ ಡುಪ್ಯುಟ್ರೆನ್ ಒಬ್ಬ ವೈನ್ ವ್ಯಾಪಾರಿಯ ಕೈಗೆ ಶಸ್ತ್ರಚಿಕಿತ್ಸೆ ಮಾಡಿದ. ಮುಂದೆ ಕಾಯಿಲೆಗೆ ಅವನ ಹೆಸರೇ ನಿಂತಿತು. ಅವನು ಕಾರಣ ಹುಡುಕಿದ್ದು ಕೆಲಸದಲ್ಲಿ. ಗಟ್ಟಿ ವಸ್ತುವನ್ನು ದಿನವೂ ಅಂಗೈಯಲ್ಲಿ ಒತ್ತಿ ಹಿಡಿಯುವವರಿಗೆ ಹೀಗಾಗುತ್ತದೆ ಎಂಬುದು ಅವನ ನಂಬಿಕೆ.

ನಂತರ ಜೀನ್‌ಗಳ ಕಾಲ ಬಂತು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕಾಯಿಲೆಗೆ ನಂಟಿರುವ ಒಂಬತ್ತು ತಾಣಗಳನ್ನು ನಮ್ಮ ಜೀನೋಮಿನಲ್ಲಿ ಗುರುತಿಸಿತು. ಡೆನ್ಮಾರ್ಕಿನ ಅವಳಿಗಳ ಅಧ್ಯಯನ ಆನುವಂಶಿಕತೆಯ ಪಾಲು ಸುಮಾರು 80 ಶೇಕಡ ಎಂದಿತು. 2023ರಲ್ಲಿ 7,871 ರೋಗಿಗಳನ್ನು ಆರು ಲಕ್ಷಕ್ಕೂ ಹೆಚ್ಚು ಇತರರೊಂದಿಗೆ ಹೋಲಿಸಿದ ಸಂಶೋಧಕರಿಗೆ 61 ವ್ಯತ್ಯಾಸಗಳು ಸಿಕ್ಕವು. ಅವುಗಳಲ್ಲಿ ಮೂರು ನಿಯಾಂಡರ್ತಲ್ ಮಾನವರಿಂದ ಬಂದವು. ವೈಕಿಂಗರಿಗಿಂತ ಬಹಳ ಹಿಂದಿನ ಪೂರ್ವಜರು ಇಂದಿಗೂ ಕೆಲವರ ಬೆರಳು ಎಳೆಯುತ್ತಿದ್ದಾರೆ.

ಇಷ್ಟು ಕೇಳಿದರೆ ‘ಹಣೆಬರಹ’ ಎನ್ನುವ ನಮ್ಮ ಹಳೆಯ ಮಾತು ಪ್ರಯೋಗಾಲಯದಿಂದ ಹೊಸ ಬಟ್ಟೆ ತೊಟ್ಟು ಬಂದಂತೆ ತೋರುತ್ತದೆ. ಆದರೆ 80 ಶೇಕಡ ಎಂದರೆ ಪ್ರತಿಯೊಬ್ಬರ ಕೈಯಲ್ಲೂ ಎಂಟಾಣೆಗಿಂತ ಹೆಚ್ಚು ಜೀನಿನ ಕೆಲಸ, ಉಳಿದದ್ದು ದುಡಿಮೆಯದು ಎಂದಲ್ಲ. ಒಂದು ಜನಸಮುದಾಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಭಾಗವನ್ನು ಆನುವಂಶಿಕತೆಯಿಂದ ವಿವರಿಸಬಹುದು ಎಂಬುದಷ್ಟೇ ಅದರ ಅರ್ಥ. ಹುಲ್ಲಿನ ಬಣವೆ ಹೊತ್ತಿಕೊಂಡಾಗ ಬೆಂಕಿಯಲ್ಲಿ ಒಣಹುಲ್ಲಿನ ಪಾಲೆಷ್ಟು, ಕಿಡಿಯ ಪಾಲೆಷ್ಟು ಎಂದು ತೂಗಲಾಗದು.

ಜೀನ್‌ಗಳ ಅಭಿವ್ಯಕ್ತಿಯ ಸಂಶೋಧನೆ ಇನ್ನೊಂದು ಪಾಠ ಹೇಳುತ್ತದೆ. ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಬರಹ. ಯಾವ ಕೋಶ ಯಾವ ಸಾಲನ್ನು ಯಾವಾಗ ಓದುತ್ತದೆ ಎಂಬುದೇ ಬೇರೆ. ರೋಗಿಯ ಅಂಗೈಯ ಗಂಟಿನಲ್ಲಿ ನಾರು ಹೆಣೆಯುವ ಕೋಶಗಳು ಸ್ನಾಯುವಿನಂತೆ ಸಂಕುಚಿಸುವ ಗುಣ ಪಡೆದಿರುತ್ತವೆ. ಕೊಲಾಜೆನ್ ತಯಾರಿಸುವ ಜೀನ್‌ಗಳು ಅಲ್ಲಿ ಅತಿಯಾಗಿ ದುಡಿಯುತ್ತಿರುತ್ತವೆ. ಉರಿಯೂತದ ಸಂದೇಶ ಹೊರುವ ಟಿಎನ್‌ಎಫ್ ಎಂಬ ಪ್ರೋಟೀನು ಈ ಬದಲಾವಣೆಗೆ ಕುಮ್ಮಕ್ಕು ಕೊಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅಂದರೆ ಬರಹ ಹುಟ್ಟಿನಿಂದ ಬಂದದ್ದಾದರೂ ಓದು ಬದುಕಿನ ನಡುವೆಯೇ ನಡೆಯುತ್ತದೆ. ಇಲ್ಲೂ ಎಚ್ಚರ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟಿನಲ್ಲಿ ಕಂಡ ವ್ಯತ್ಯಾಸ ಕಾಯಿಲೆಯ ಕಾರಣವೂ ಆಗಿರಬಹುದು, ಪರಿಣಾಮವೂ ಆಗಿರಬಹುದು.

ಈ ಅನಿಶ್ಚಿತತೆಯ ನಡುವೆಯೇ ಬ್ರಿಟನ್ನು ನಿರ್ಧಾರಕ್ಕೆ ಬರಬೇಕಾಯಿತು. ಕಂಪಿಸುವ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದ ಕಾರ್ಮಿಕರಲ್ಲಿ ಈ ಕಾಯಿಲೆ ಹೆಚ್ಚು ಎಂಬ ಅಧ್ಯಯನಗಳಿದ್ದವು. ಇದನ್ನು ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿ ಎಂದು ಅಲ್ಲಿನ ಸಲಹಾ ಮಂಡಳಿ 2014ರಲ್ಲಿ ಶಿಫಾರಸು ಮಾಡಿತು. ಸೇರಿದ್ದು 2019ರ ಡಿಸೆಂಬರಿನಲ್ಲಿ. ಆ ಮಂಡಳಿ ಸಾಮಾನ್ಯವಾಗಿ ಬಳಸುವ ಅಳತೆಗೋಲು ಕುತೂಹಲಕರ: ಒಂದು ಕೆಲಸ ಕಾಯಿಲೆಯ ಸಾಧ್ಯತೆಯನ್ನು ಎರಡು ಪಟ್ಟಿಗಿಂತ ಹೆಚ್ಚಿಸಿದರೆ, ಆ ಕೆಲಸ ಮಾಡಿದ ರೋಗಿಯ ಕಾಯಿಲೆ ಅದರಿಂದಲೇ ಬಂದಿರುವ ಸಂಭವವೇ ಹೆಚ್ಚು ಎಂದು ಒಪ್ಪಿಕೊಳ್ಳುವುದು. ಯಾರ ಕೈ ಯಾವುದರಿಂದ ಮಡಚಿತು ಎಂದು ಒಬ್ಬೊಬ್ಬರ ಮಟ್ಟಿಗೆ ಸಾಬೀತುಪಡಿಸಲು ಆಗದು. ಪರಿಹಾರ ಕೊಡುವುದು ಸರ್ಕಾರ. ಮಾಲೀಕನ ತಪ್ಪನ್ನು ತೋರಿಸುವ ಅಗತ್ಯವೂ ಇಲ್ಲ.

ಇದಕ್ಕೆ ಎದುರು ವಾದವಿದೆ, ಅದು ಹಗುರವಾದದ್ದೂ ಅಲ್ಲ. 1984–85ರ ಗಣಿ ಕಾರ್ಮಿಕರ ಮುಷ್ಕರವನ್ನು ಮುರಿದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮರುವರ್ಷ, 1986ರಲ್ಲಿ, ಇದೇ ಕಾಯಿಲೆಗೆ ಕೈಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರೇನೂ ಗಣಿಯಲ್ಲಿ ಡ್ರಿಲ್ ಹಿಡಿದವರಲ್ಲ. ಗಣಿಯವನ ಬೆರಳೂ ಪ್ರಧಾನಿಯ ಬೆರಳೂ ಒಂದೇ ರೀತಿ ಮಡಚಿದರೆ, ಒಬ್ಬರಿಗೆ ಪರಿಹಾರ ಇನ್ನೊಬ್ಬರಿಗಿಲ್ಲ ಎಂಬುದು ನ್ಯಾಯವೇ?

ನ್ಯಾಯ ಎಂದೇ ನನಗನ್ನಿಸುತ್ತದೆ. ನಾವು ಇಲ್ಲಿ ಕಾರಣವನ್ನೂ ಹೊಣೆಯನ್ನೂ ಒಂದೇ ಎಂದು ಭಾವಿಸುತ್ತೇವೆ. ಕಾರಣಗಳು ಹಲವು, ಮನುಷ್ಯರ ಕೈಯಲ್ಲಿರುವುದು ಅವುಗಳಲ್ಲಿ ಕೆಲವು ಮಾತ್ರ. ಹೊಣೆಯ ಪ್ರಶ್ನೆ ಏಳುವುದು ಆ ಕೆಲವಕ್ಕೆ. ಇಂಗ್ಲಿಷ್ ಕಾನೂನಿನಲ್ಲಿ ಒಂದು ಹಳೆಯ ನಿಯಮವಿದೆ: ಪೆಟ್ಟು ತಿಂದವನ ತಲೆಬುರುಡೆ ತೆಳ್ಳಗಿತ್ತು ಎಂದು ಹೇಳಿ ಪೆಟ್ಟು ಕೊಟ್ಟವನು ಜಾರಿಕೊಳ್ಳುವಂತಿಲ್ಲ. ಹುಲ್ಲು ಒಣಗಿತ್ತು ಎಂಬುದು ಕಿಡಿ ಎಸೆದವನ ಸಮರ್ಥನೆಯಾಗದು. ನಿಯಾಂಡರ್ತಲರನ್ನು ಯಾರೂ ಕಟಕಟೆಗೆ ತರಲಾರರು. ಡ್ರಿಲ್ಲಿನ ಕಂಪನವನ್ನು ತಗ್ಗಿಸಬಹುದು, ಅದನ್ನು ಹಿಡಿಯುವ ಗಂಟೆಗಳನ್ನು ಕಡಿಮೆ ಮಾಡಬಹುದು.

ನನ್ನ ಆತಂಕ ಮುಂದಿನದು. ಜೀನ್ ಪರೀಕ್ಷೆ ಅಗ್ಗವಾದಷ್ಟೂ ‘ನಿನ್ನ ಕೈ ಈ ಕೆಲಸಕ್ಕಾಗದು’ ಎಂದು ಕಾರ್ಮಿಕನನ್ನು ಬಾಗಿಲಲ್ಲೇ ವಾಪಸು ಕಳಿಸುವುದು ಸುಲಭವಾಗುತ್ತದೆ. ಅದನ್ನು ಆರೋಗ್ಯದ ಕಾಳಜಿ ಎಂದೂ ಕರೆಯಬಹುದು. ಆಗ ಯಂತ್ರ ಹಾಗೇ ಇರುತ್ತದೆ, ಅದನ್ನು ಹಿಡಿಯುವ ಕೈಗಳನ್ನು ಮಾತ್ರ ಆರಿಸಲಾಗುತ್ತದೆ. ಅದೇ ಸಂಶೋಧನೆಯಿಂದ ಔಷಧವೂ ಬರಬಹುದು. ಬರಹವನ್ನು ಓದಲು ಕಲಿತವರು ಅದನ್ನು ಯಾರ ಪರವಾಗಿ ಓದುತ್ತಾರೆ ಎಂಬುದನ್ನು ಯಾವ ಜೀನೂ ತೀರ್ಮಾನಿಸುವುದಿಲ್ಲ.