ಕದ್ದದ್ದೆಷ್ಟು, ಕಳೆದದ್ದೆಷ್ಟು?

ಠಾಣೆ, ಡೊಂಬಿವಲಿ ಕಡೆ ನಮ್ಮವರ ಹೋಟೆಲುಗಳಲ್ಲಿ ದುಡಿಯುವ ಹುಡುಗನಿಗೆ ಕೆಲಸ, ಊಟ, ಮಲಗುವ ಜಾಗ ಮೂರೂ ಒಬ್ಬನೇ ಧಣಿಯದ್ದಾಗಿರುವುದುಂಟು. ಗಲ್ಲಾಪೆಟ್ಟಿಗೆಗೆ ಕೈಹಾಕಿ ಸಿಕ್ಕಿಬಿದ್ದರೆ ಮೂರೂ ಒಟ್ಟಿಗೇ ಹೋಗುತ್ತವೆ. ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟುತ್ತದೆ. ಕದ್ದದ್ದು ತಪ್ಪೇ, ಧಣಿ ಮತ್ತೆ ನಂಬುವುದಾದರೂ ಹೇಗೆ? ಆದರೆ ಶಿಕ್ಷೆಗೂ ಒಂದು ಅಳತೆ ಬೇಡವೇ?

ಮಹಾರಾಷ್ಟ್ರದ ಎಸ್‌ಟಿ ಬಸ್ಸಿನ ಕಂಡಕ್ಟರುಗಳು ಟಿಕೇಟಿನ ಹಣ ಜೇಬಿಗಿಳಿಸಿ ಕೆಲಸ ಕಳಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರಲ್ಲಿ ಅಂಥದೊಂದು ಅಳತೆ ಹಾಕಿತು: ಗ್ರಾಚ್ಯುಟಿ ಮುಟ್ಟುಗೋಲು ತಪ್ಪಲ್ಲ, ಆದರೆ ಕದ್ದ ಮೊತ್ತ ಸಣ್ಣದು, ಶೇಕಡಾ 25 ಮಾತ್ರ ಹಿಡಿಯಿರಿ. ಉಳಿದ ಮುಕ್ಕಾಲು ಪಾಲು ದುಡಿದ ವರ್ಷಗಳದ್ದು ಅಂತ ನಾನು ಓದಿಕೊಳ್ಳುತ್ತೇನೆ.

ಹುಡುಗ ನಾಳೆ ನಿಮ್ಮೂರಿನಲ್ಲಿ ಬಸ್ಸಿಳಿಯುತ್ತಾನೆ. ನೀವು ಎಷ್ಟು ಹಿಡಿಯುತ್ತೀರಿ?